ಹಳೆಯ ಕಟ್ಟಡವನ್ನು ನೋಡುವುದು ಹೇಗೆ, ಫೋಟೋದಲ್ಲಿ ಹಿಡಿಯುವುದು ಹೇಗೆ

ಸ್ಮಾರಕ ನೋಡಿ ಬಂದವರ ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ. ಚಾವಣಿಯನ್ನು ಹೊತ್ತು ನಿಂತದ್ದು ಗೋಡೆಯೋ ಕಂಬವೋ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಇದರಲ್ಲಿ ಅವರ ತಪ್ಪೇನಿಲ್ಲ. ಗೈಡುಗಳು ರಾಜನ ಹೆಸರು, ಒಂದು ಇಸವಿ, ಎರಡು ದಂತಕತೆ ಹೇಳಿ ಮುಗಿಸುತ್ತಾರೆ. ಇಷ್ಟು ದೊಡ್ಡ ಕಲ್ಲಿನ ರಾಶಿ ಬೀಳದೆ ನಿಂತದ್ದು ಹೇಗೆ ಎಂಬ ಮಾತು ಬರುವುದೇ ಇಲ್ಲ. ಹಳೆಯ ಕಟ್ಟಡಗಳ ರುಚಿ ಹತ್ತಬೇಕಾದರೆ ಒಂದು ಪ್ರಶ್ನೆ ಹಿಡಿದುಕೊಂಡು ಒಳಗೆ ಹೋಗಿ: ಮೇಲಿನ ಭಾರ ನೆಲಕ್ಕೆ ಇಳಿಯುವ ದಾರಿ ಯಾವುದು? ಶಿಲ್ಪ, ಅಲಂಕಾರ, ಬೆಳಕು ಎಲ್ಲವೂ ಈ ಪ್ರಶ್ನೆಯ ಬೆನ್ನಿಗೆ ತಾವಾಗಿಯೇ ಬರುತ್ತವೆ. ಫೋಟೋ ತೆಗೆಯುವುದೂ ಅದರ ಉತ್ತರ ಹುಡುಕುವ ಒಂದು ವಿಧಾನವೇ.

ಹೊರಡುವ ಮುಂಚೆ

ಕಟ್ಟಡದ ತಳವಿನ್ಯಾಸದ ನಕ್ಷೆಯೊಂದನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಹೆಸರಾದ ಸ್ಮಾರಕಗಳ ನಕ್ಷೆಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಒಳಗೆ ನಿಂತಾಗ ಗೊತ್ತಾಗದ ಎಷ್ಟೋ ಸಂಗತಿ ನಕ್ಷೆಯಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಹೊಯ್ಸಳ ದೇವಾಲಯದ ನಕ್ಷತ್ರಾಕಾರ, ಯುರೋಪಿನ ಮಧ್ಯಯುಗದ ಗಾಥಿಕ್ ಶೈಲಿಯ ಚರ್ಚಿನ ಶಿಲುಬೆಯಾಕಾರ, ದಪ್ಪ ಗೋಡೆ ಎಲ್ಲಿದೆ, ತೆಳು ಗೋಡೆ ಎಲ್ಲಿದೆ ಎಂಬುದೆಲ್ಲ ಅಲ್ಲಿರುತ್ತದೆ.

ಆಮೇಲೆ ಕಟ್ಟಡದ ಮುಖ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳಿ. ಹೊಯ್ಸಳರ ಬಹುಪಾಲು ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಮುಂಭಾಗಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ. ಯುರೋಪಿನ ಮಧ್ಯಯುಗದ ದೊಡ್ಡ ಚರ್ಚುಗಳಾದ ಕ್ಯಾಥೆಡ್ರಲ್‌ಗಳಲ್ಲಿ ಸಾಮಾನ್ಯವಾಗಿ ಬಲಿಪೀಠ ಪೂರ್ವಕ್ಕೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ. ಅಲ್ಲಿ ಬೆಳಿಗ್ಗೆ ಹೋದವರಿಗೆ ಮುಂಭಾಗ ಪೂರ್ತಿ ನೆರಳಿನಲ್ಲಿ ಸಿಗುತ್ತದೆ, ಆಕಾಶ ಮಾತ್ರ ಬೆಳ್ಳಗೆ ಉರಿಯುತ್ತಿರುತ್ತದೆ. ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ದಿಕ್ಕು ನೋಡಿಕೊಂಡೇ ಆರಿಸಿಕೊಳ್ಳಿ.

ಇನ್ನೊಂದು, ಅದೇ ಕಟ್ಟಡದ ಹಳೆಯ ಫೋಟೋ. ಇದನ್ನು ಯಾರೂ ಹುಡುಕುವುದಿಲ್ಲ, ಆದರೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದ ಕನ್ನಡಿಗರಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಕಾಗದದ ನೆಗೆಟಿವ್ ಬಳಸಿ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರವೊಂದಿದೆ! ಇಂದು ಅದಿಲ್ಲ. ನಾವು 'ರಥ' ಎಂದು ನೋಡುತ್ತಿರುವುದು ತಲೆ ಕಳಚಿದ ಒಂದು ಗುಡಿಯನ್ನು. ಆ ಹಳೆಯ ಚಿತ್ರ ನೋಡಿಕೊಂಡು ಹೋದವರ ಕಣ್ಣು ಅಲ್ಲಿ ಬೇರೆ ರೀತಿಯಲ್ಲೇ ಓಡಾಡುತ್ತದೆ.

ಇತಿಹಾಸವನ್ನೆಲ್ಲ ಮೊದಲೇ ಓದಿಕೊಂಡು ಹೋಗಬೇಡಿ ಎಂಬುದು ನನ್ನ ಸಲಹೆ. ಓದಿದ್ದನ್ನೇ ಕಣ್ಣು ಹುಡುಕುತ್ತದೆ, ಓದದೇ ಇದ್ದದ್ದು ಎದುರಿಗಿದ್ದರೂ ತಪ್ಪಿಹೋಗುತ್ತದೆ. ಬಂದ ಮೇಲೆ ಓದಿ. ಆಗ ಕೇಳಲು ನಿಮ್ಮದೇ ಪ್ರಶ್ನೆಗಳಿರುತ್ತವೆ.

ಮೊದಲ ಸುತ್ತು ಬರಿಗೈಯಲ್ಲಿ

ತಲುಪಿದ ಕೂಡಲೇ ಫೋನ್ ಜೇಬಿಗೆ ಹಾಕಿ. ಹೊರಗಿನಿಂದ ಪೂರ್ತಿ ಒಂದು ಸುತ್ತು ಬನ್ನಿ. ಹಿಂಭಾಗವನ್ನು ಬಿಡಲೇಬೇಡಿ. ಮುಂಭಾಗ ಮೆಚ್ಚಿಸಲೆಂದು ಕಟ್ಟಿದ್ದು. ಕಟ್ಟಿದವರ ಹಣ ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ನಿಂತಿತು, ಆಮೇಲೆ ಯಾರು ಏನು ಸೇರಿಸಿದರು ಎಂಬುದಕ್ಕೆ ಸಾಕ್ಷಿ ಇರುವುದು ಹಿಂದೆ ಮತ್ತು ಪಕ್ಕಗಳಲ್ಲಿ.

ಈ ಸುತ್ತಿನಲ್ಲಿ ದೂರವನ್ನು ಬದಲಿಸುತ್ತ ನೋಡಿ. ತುಂಬ ದೂರದಿಂದ ಕಾಣುವುದು ಹೊರರೇಖೆ ಮಾತ್ರ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಿಖರ ಅಂತಸ್ತು ಅಂತಸ್ತಾಗಿ ಮೇಲೇರಿದರೆ, ಅದೇ ಆವರಣದ ಗಳಗನಾಥದ ಶಿಖರ ಬುಡದಿಂದ ತುದಿಯವರೆಗೆ ಒಂದೇ ಬಾಗಿನಲ್ಲಿ ಏರುತ್ತದೆ. ಮೊದಲನೆಯದು ದ್ರಾವಿಡ, ಎರಡನೆಯದು ನಾಗರ ಎಂದು ಪುಸ್ತಕದಲ್ಲಿ ಓದುವ ವ್ಯತ್ಯಾಸವನ್ನು ಎರಡನ್ನೂ ಒಂದೇ ನೋಟಕ್ಕೆ ಸಿಗಿಸಿಕೊಂಡು ನಿಂತರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೂ ಹತ್ತಿರ ಬಂದರೆ ಗೋಡೆಯ ಏರಿಳಿತ, ಕಿಟಕಿಗಳ ಅಳತೆ, ನೆರಳಿನ ಗೆರೆಗಳು. ಕೈಯಳತೆಯಲ್ಲಿ ನಿಂತಾಗ ಉಳಿಯ ಗುರುತು, ಕಲ್ಲು ಕಲ್ಲಿನ ನಡುವಿನ ಸಂದು. ಹೆಚ್ಚಿನವರು ಕೈಯಳತೆಯಿಂದಲೇ ಶುರು ಮಾಡಿ ಅಲ್ಲೇ ಮುಗಿಸುತ್ತಾರೆ. ಅದರಲ್ಲೂ ಬೇಲೂರು, ಹಳೇಬೀಡಿನಂಥ ಕಡೆ ಶಿಲ್ಪ ಬಿಟ್ಟು ಹಿಂದೆ ಸರಿಯಲು ಕಾಲೇ ಬರುವುದಿಲ್ಲ.

ಭಾರದ ಬೆನ್ನು ಹತ್ತಿ

ಈಗ ಒಳಗೆ ಹೋಗಿ ತಲೆ ಎತ್ತಿ. ಚಾವಣಿ ಚಪ್ಪಟೆಯೋ, ಬಾಗಿದ್ದೋ? ಎಲ್ಲವೂ ಇಲ್ಲಿಂದಲೇ ಕವಲೊಡೆಯುತ್ತದೆ.

ಕಲ್ಲನ್ನು ಎಷ್ಟು ಅದುಮಿದರೂ ತಾಳಿಕೊಳ್ಳುತ್ತದೆ, ಬಗ್ಗಿಸಿದರೆ ಒಡೆಯುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ನಡುವೆ ಬಾಗಿ ತಳಭಾಗದಲ್ಲಿ ಬಿರಿಯುತ್ತದೆ. ಅದಕ್ಕೇ ಕಂಬ, ತೊಲೆಗಳ ಮೇಲೆ ನಿಂತ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿರುತ್ತವೆ. ಅಥೆನ್ಸಿನ ಪ್ರಾಚೀನ ಗ್ರೀಕ್ ದೇವಾಲಯ ಪಾರ್ಥೆನಾನ್ ಇರಲಿ, ಬೇಲೂರು ಗುಡಿಯ ನಡುಮಂಟಪವಾದ ನವರಂಗ ಇರಲಿ, ಈ ನಿಯಮಕ್ಕೆ ಎರಡೂ ತಲೆಬಾಗಿವೆ. ಕಂಬದ ತಲೆಯ ಮೇಲಿನ ಬೋದಿಗೆಯನ್ನು ಅಲಂಕಾರ ಎಂದುಕೊಳ್ಳಬೇಡಿ. ಅದು ಎರಡೂ ಬದಿಗೆ ಚಾಚಿಕೊಂಡು ತೊಲೆ ಹಾಯಬೇಕಾದ ಅಂತರವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತದೆ.

ಕಮಾನಿನದು ಬೇರೆ ಕತೆ. ಅಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಅದುಮುತ್ತ ನಿಂತಿರುತ್ತದೆ, ಹಾಗಾಗಿ ದೊಡ್ಡ ಅಂತರವನ್ನೂ ಹಾಯಬಹುದು. ಆದರೆ ಆ ಅದುಮು ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಕಮಾನು ಅಥವಾ ಗುಮ್ಮಟ ಕಂಡಲ್ಲೆಲ್ಲ 'ಈ ತಳ್ಳುವಿಕೆಯನ್ನು ತಡೆದು ನಿಲ್ಲಿಸಿದವರು ಯಾರು' ಎಂದು ಹುಡುಕಿ. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲಿನಲ್ಲಿ ಉತ್ತರ ಹೊರಗಿದೆ: ಗೋಡೆಯಿಂದ ದೂರದಲ್ಲಿ ನಿಂತ ದಪ್ಪ ಆನಿಕೆಗಳು ಅರ್ಧ ಕಮಾನಿನ ತೋಳು ಚಾಚಿ ಎತ್ತರದ ಗೋಡೆಯನ್ನು ಒಳಕ್ಕೆ ಒತ್ತಿ ಹಿಡಿದಿವೆ. ಭಾರವನ್ನು ಅವು ಹೊತ್ತಿದ್ದರಿಂದಲೇ ಗೋಡೆಯಲ್ಲಿ ಅಷ್ಟು ದೊಡ್ಡ ಬಣ್ಣದ ಗಾಜಿನ ಕಿಟಕಿಗಳನ್ನು ತೆರೆಯಲು ಸಾಧ್ಯವಾಯಿತು. ಈ ಲೆಕ್ಕ ಎಲ್ಲ ಕಡೆಯೂ ಕೈಹಿಡಿಯಲಿಲ್ಲ. ಫ್ರಾನ್ಸಿನದೇ ಬೋವೆ ಊರಿನ ಕ್ಯಾಥೆಡ್ರಲಿನಲ್ಲಿ ಕಮಾನು ಚಾವಣಿಯನ್ನು ಸುಮಾರು 48 ಮೀಟರ್‌ವರೆಗೆ ಏರಿಸಿದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಚರ್ಚಾಗಿ 537ರಲ್ಲಿ ಪೂರ್ಣಗೊಂಡಿತು, ಭೂಕಂಪಗಳಿಗೆ ಸಿಕ್ಕಿ 558ರಲ್ಲಿ ಗುಮ್ಮಟ ಬಿತ್ತು. ಮತ್ತೆ ಕಟ್ಟುವಾಗ ಅದನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಕಡಿದಾಗಿ ಮಾಡಿದರು. ಚಪ್ಪಟೆ ಗುಮ್ಮಟ ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ, ಎತ್ತರದ್ದು ಕಡಿಮೆ ತಳ್ಳುತ್ತದೆ.

ನನಗಂತೂ ಎಲ್ಲಕ್ಕಿಂತ ಮಜಾ ಕೊಡುವುದು ಮೂಲೆ. ಕೋಣೆ ಚೌಕ, ಗುಮ್ಮಟದ ಬುಡ ದುಂಡು. ಚೌಕ ದುಂಡಾಗುವ ಜಾಗ ಯಾವುದು? ನಾಲ್ಕು ಮೂಲೆಗಳಲ್ಲಿ ಒಂದನ್ನು ಆರಿಸಿಕೊಂಡು ನೆಲದಿಂದ ಮೇಲಕ್ಕೆ ನಿಧಾನವಾಗಿ ಕಣ್ಣು ಏರಿಸಿ. ಹಾಗಿಯಾ ಸೋಫಿಯಾದಲ್ಲಿ ನಾಲ್ಕು ದೈತ್ಯ ಕಮಾನುಗಳ ನಡುವಿನ ಜಾಗವನ್ನು ಬಾಗಿದ ತ್ರಿಕೋನಗಳು ತುಂಬಿವೆ. ಪೆಂಡೆಂಟಿವ್ ಎನ್ನುವುದು ಅವನ್ನೇ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳಿವೆ. ಅವುಗಳ ಜಾಲ ಒಳಕ್ಕೆ ಬಾಗುತ್ತ ಬಾಗುತ್ತ ಚೌಕವನ್ನು ಸಣ್ಣದು ಮಾಡಿ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟಕ್ಕೆ ಪೀಠ ಒದಗಿಸುತ್ತದೆ. ಜನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಇಳಿದುಬಿಡುತ್ತಾರೆ. ಆ ಗ್ಯಾಲರಿಯೇ ಕಮಾನುಗಳು ಹೆಣೆದುಕೊಂಡ ಜಾಗದ ಮೇಲೆ ನಿಂತಿದೆ ಎಂದು ಕೆಳಗೆ ನೋಡಿದವರು ಕಡಿಮೆ. ನಮ್ಮ ಅನೇಕ ಗುಡಿಗಳ ಚಾವಣಿಯಲ್ಲಿ ಕಮಾನೇ ಇಲ್ಲದೆ ಇದೇ ಕೆಲಸ ಆಗಿದೆ: ಚೌಕದ ಮೂಲೆಗಳ ಮೇಲೆ ಓರೆಯಾಗಿ ಚಪ್ಪಡಿ ಇಟ್ಟರೆ ಒಳಗೆ ತಿರುಗಿದ ಚಿಕ್ಕ ಚೌಕ, ಅದರ ಮೂಲೆಗಳ ಮೇಲೆ ಮತ್ತೆ ಚಪ್ಪಡಿ, ಕೊನೆಗೆ ಒಂದು ಕಲ್ಲು ಮುಚ್ಚುವಷ್ಟು ತೆರಪು.

ರೋಮಿನ ಪ್ರಾಚೀನ ದೇವಾಲಯ ಪ್ಯಾಂಥಿಯನ್‌ಗೆ ಈ ಮೂಲೆಯ ತಕರಾರೇ ಇಲ್ಲ, ಗೋಡೆಯೇ ದುಂಡಗಿದೆ. ಸುಮಾರು 43 ಮೀಟರ್ ವ್ಯಾಸದ ಆ ಕಾಂಕ್ರೀಟ್ ಗುಮ್ಮಟದಲ್ಲಿ ಕಬ್ಬಿಣದ ಸರಳಿಲ್ಲ. ಕೆಳಗೆ ದಪ್ಪ ಮತ್ತು ಭಾರದ ಮಿಶ್ರಣ, ಮೇಲೇರಿದಂತೆ ತೆಳುವಾಗಿ ಹಗುರ ಜ್ವಾಲಾಮುಖಿ ಕಲ್ಲಿನ ಮಿಶ್ರಣ, ನೆತ್ತಿಯಲ್ಲಿ ಬರೀ ತೂತು.

ಬೆಳಕು ಬಂದಾಗ

ಉಬ್ಬುಶಿಲ್ಪಕ್ಕೆ ಬೇಕಾದದ್ದು ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬೆಳಕು. ಹಳೇಬೀಡಿನ ಹೊಯ್ಸಳೇಶ್ವರದ ಪಶ್ಚಿಮದ ಹೊರಗೋಡೆಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆಯಿಡೀ ಅದು ನೆರಳಿನಲ್ಲಿರುತ್ತದೆ. ಸೂರ್ಯ ನೆತ್ತಿ ದಾಟಿದ ಕೂಡಲೇ ಬೆಳಕು ಮೇಲಿನಿಂದ ಗೋಡೆಗುಂಟ ಇಳಿಯಲು ಶುರುವಾಗುತ್ತದೆ. ಆನೆಗಳ ಸಾಲಿನ ಕಾಲುಗಳು, ಅದರ ಮೇಲಿನ ಸಿಂಹ, ಕುದುರೆ, ಬಳ್ಳಿಗಳ ಪಟ್ಟಿಕೆಗಳು ಒಂದೊಂದಾಗಿ ಗೋಡೆಯಿಂದ ಎದ್ದು ಬರುತ್ತವೆ. ಇನ್ನೂ ಹೊತ್ತು ಇಳಿದು ಬಿಸಿಲು ನೇರ ಮುಖಕ್ಕೆ ಹೊಡೆಯುವಾಗ ಬಣ್ಣ ಚಿನ್ನದಂತಾದರೂ ಉಬ್ಬು ಚಪ್ಪಟೆಯಾಗಿ ಕಾಣುತ್ತದೆ. 'ಸಂಜೆಯ ಹೊಂಬೆಳಕು' ಎಂದು ಎಲ್ಲರೂ ಹೊಗಳುವುದನ್ನು ಶಿಲ್ಪದ ವಿಷಯದಲ್ಲಿ ಕಣ್ಣುಮುಚ್ಚಿ ನಂಬಬೇಡಿ.

ಮೋಡ ಕವಿದ ದಿನ ಕೆಟ್ಟ ದಿನವಲ್ಲ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ದಂಪತಿ ಕೈಗಾರಿಕಾ ಕಟ್ಟಡಗಳ ಚಿತ್ರಗಳನ್ನು ಬೇಕೆಂದೇ ಮೋಡದ ಬೆಳಕಿನಲ್ಲಿ, ಎದುರಿನಿಂದ ನೇರವಾಗಿ ತೆಗೆಯುತ್ತಿದ್ದರು. ನೆರಳಿನ ಗದ್ದಲ ಇಲ್ಲದೆ ಆಕಾರ ಮಾತ್ರ ಉಳಿಯಲಿ ಎಂಬುದು ಅವರ ಲೆಕ್ಕ. ಕಟ್ಟಡಕ್ಕೂ ಕಟ್ಟಡಕ್ಕೂ ಹೋಲಿಸಬೇಕೆಂದಿದ್ದರೆ ಇದೇ ಸರಿಯಾದ ದಾರಿ.

ಸವೆದ ಶಾಸನದ ಅಕ್ಷರ ಓದಬೇಕೇ? ಫೋನಿನ ಟಾರ್ಚನ್ನು ಕಲ್ಲಿಗೆ ತಾಗಿಸದೆ, ಪಕ್ಕದಿಂದ ಬಹಳ ಓರೆಯಾಗಿ ಹಿಡಿದು ಇನ್ನೊಬ್ಬರಿಂದ ಫೋಟೋ ತೆಗೆಸಿ. ಅಕ್ಷರಗಳ ಅಂಚಿನಲ್ಲಿ ನೆರಳು ಕೂತು ಓದಲು ಬರುತ್ತದೆ. ಸುಣ್ಣ, ಸೀಮೆಸುಣ್ಣ, ನೀರು, ಎಣ್ಣೆ ಏನನ್ನೂ ಕಲ್ಲಿಗೆ ಹಚ್ಚಬೇಡಿ. ಬಣ್ಣದ ಭಿತ್ತಿಚಿತ್ರ ಇರುವಲ್ಲಿ ಫ್ಲ್ಯಾಶ್ ಪೂರ್ತಿ ಆಫ್ ಮಾಡಿ.

ಫೋಟೋಗಳ ಸರದಿ

ಈಗ ಫೋನ್ ತೆಗೆಯಬಹುದು. ಮೊದಲ ಚಿತ್ರ ಹೊರಗಿನ ಮಾಹಿತಿ ಫಲಕದ್ದಾಗಲಿ. ಆಮೇಲೆ ಫೋಟೋಗಳ ರಾಶಿಯಲ್ಲಿ ಒಂದು ಜಾಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಅದೇ ಹೇಳುತ್ತದೆ. ಅದಾದ ಮೇಲೆ ಸುತ್ತಲಿನ ಜಾಗದ ಸಮೇತ ದೂರದ ನೋಟ, ನಾಲ್ಕೂ ಬದಿಗಳ ನೇರ ನೋಟ, ಎರಡು ಬದಿ ಒಟ್ಟಿಗೆ ಕಾಣುವ ಒಂದು ಮೂಲೆಯ ನೋಟ. ಒಳಗೆ, ನೀವು ಹುಡುಕಿದ ಭಾರದ ದಾರಿಯ ಚಿತ್ರಗಳು: ಗುಮ್ಮಟದ ಬುಡ, ಅದು ಕೂತ ಕಮಾನು, ಕಮಾನು ಕೂತ ಕಂಬ, ಕಂಬ ಕೂತ ನೆಲ. ನಾಲ್ಕನ್ನೂ ಒಂದೇ ನೇರದಲ್ಲಿ ತೆಗೆದರೆ ಮನೆಯಲ್ಲಿ ಮೇಲೆ ಕೆಳಗೆ ಜೋಡಿಸಿ ನೋಡಬಹುದು. ಬಿಡಿ ಶಿಲ್ಪಗಳ ಸರದಿ ಕೊನೆಗೆ. ಅವುಗಳ ಪಕ್ಕದಲ್ಲೊಬ್ಬರು ನಿಂತ ಒಂದಾದರೂ ಚಿತ್ರ ಇರಲಿ, ಇಲ್ಲದಿದ್ದರೆ ಅಳತೆ ಗೊತ್ತಾಗುವುದಿಲ್ಲ.

ಚಾವಣಿಗೆ ಒಂದು ಉಪಾಯ. ಕತ್ತು ನೋಯಿಸಿಕೊಂಡು ಫೋನ್ ಮೇಲೆತ್ತಿದರೆ ಚಿತ್ರ ಓರೆಯಾಗಿಯೇ ಬರುತ್ತದೆ. ಅದರ ಬದಲು ಕೋಣೆಯ ನಡುಮಧ್ಯದಲ್ಲಿ ನೆಲದ ಮೇಲೆ ಫೋನನ್ನು ಸ್ಕ್ರೀನ್ ಮೇಲಾಗಿ ಇಟ್ಟು ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ಕೈ ನಡುಗುವ ಮಾತಿಲ್ಲ, ಕತ್ತಲೆಯಿದ್ದರೂ ಚಿತ್ರ ಸ್ಥಿರವಾಗಿರುತ್ತದೆ. ಜನ ಓಡಾಡುವ ಜಾಗವಾದರೆ ಫೋನಿನ ಮೇಲೆ ಒಂದು ಕಣ್ಣಿರಲಿ.

0.5 ಎಂದು ತೋರಿಸುವ ಅಗಲ ಲೆನ್ಸನ್ನು ಕಟ್ಟಡಗಳಿಗೆ ಆದಷ್ಟು ಬಳಸಬೇಡಿ. ಎಲ್ಲವನ್ನೂ ಒಳಗೆ ತೂರಿಸುತ್ತದೆ ನಿಜ, ಆದರೆ ಅಂಚಿನ ಕಂಬಗಳನ್ನು ಹಿಗ್ಗಿಸುತ್ತದೆ, ನಡುವಿನದನ್ನು ದೂರ ತಳ್ಳುತ್ತದೆ. ಜಾಗವಿದ್ದರೆ ಹಿಂದೆ ಹಿಂದೆ ಹೋಗಿ 2 ಅಥವಾ 3 ಪಟ್ಟು ಜೂಮ್‌ನಲ್ಲಿ ತೆಗೆಯಿರಿ. ಕಟ್ಟಡದ ಪ್ರಮಾಣ ಕಣ್ಣು ಕಂಡಂತೆಯೇ ಉಳಿಯುತ್ತದೆ.

ನೇರ ಗೆರೆಗಳ ಮೋಸ

ಹತ್ತಿರ ನಿಂತು ಫೋನನ್ನು ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಫೋನನ್ನು ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ಹಿಡಿಯಿರಿ. ತುದಿ ಚೌಕಟ್ಟಿನೊಳಗೆ ಬರದಿದ್ದರೆ ಹಿಂದೆ ಸರಿಯಿರಿ ಅಥವಾ ಎದುರಿನ ಮೆಟ್ಟಿಲು, ಜಗುಲಿ ಹತ್ತಿ. ಉಳಿದ ಅಲ್ಪಸ್ವಲ್ಪ ವಾಲನ್ನು ಎಡಿಟ್ ಮಾಡುವಾಗ ಸರಿಪಡಿಸಬಹುದು.

ಆದರೆ ಹುಷಾರು. ಎಲ್ಲ ಗೆರೆಯನ್ನೂ ಲಂಬ ಮಾಡುವ ಉತ್ಸಾಹದಲ್ಲಿ ಕಟ್ಟಡದ ಜಾಣತನವನ್ನೇ ಅಳಿಸಿಬಿಡುತ್ತೀರಿ. ತಾಜ್ ಮಹಲಿನ ನಾಲ್ಕು ಮಿನಾರುಗಳು ಸ್ವಲ್ಪ ಹೊರಕ್ಕೆ ವಾಲಿವೆ. ಪಾರ್ಥೆನಾನ್ ಕಂಬಗಳು ಒಳಕ್ಕೆ ವಾಲಿವೆ, ನಡುವೆ ಉಬ್ಬಿವೆ, ಅವು ನಿಂತ ನೆಲಗಟ್ಟೂ ಮಧ್ಯದಲ್ಲಿ ಎದ್ದಿದೆ. ಪೀಸಾ ಗೋಪುರದ್ದು ಇನ್ನೂ ತಮಾಷೆ. 1173ರಲ್ಲಿ ಶುರುವಾದ ಅದು ಕಟ್ಟುವಾಗಲೇ ವಾಲಿತು. ಮೇಲಿನ ಅಂತಸ್ತುಗಳನ್ನು ಕಟ್ಟಿದವರು ವಾಲು ಸರಿದೂಗಿಸಲು ಎದುರು ದಿಕ್ಕಿಗೆ ತಿರುಗಿಸಿದರು. ಹಾಗಾಗಿ ಗೋಪುರ ವಾಲಿರುವುದಷ್ಟೇ ಅಲ್ಲ, ಬಾಗಿದೆ ಕೂಡ. ಅದನ್ನು ಕೈಯಲ್ಲಿ ತಡೆದು ನಿಲ್ಲಿಸಿದಂತೆ ಫೋಟೋ ತೆಗೆಸಿಕೊಳ್ಳುವ ಸಾವಿರಾರು ಜನರಲ್ಲಿ ಆ ಬಾಗನ್ನು ಕಂಡವರು ಎಷ್ಟೋ! ಯಾವ ಗೆರೆ ನಿಜಕ್ಕೂ ಲಂಬ ಎಂದು ಸ್ಥಳದಲ್ಲೇ ನೋಡಿಟ್ಟುಕೊಂಡು, ಎಡಿಟ್ ಮಾಡುವಾಗ ಅದೊಂದನ್ನೇ ನೆಟ್ಟಗೆ ಮಾಡಿ.

ತೇಪೆಗಳನ್ನು ಹುಡುಕಿ

ಹಳೆಯ ಕಟ್ಟಡ ಒಂದೇ ಕಾಲದ್ದಾಗಿರುವುದು ಅಪರೂಪ. ಕಲ್ಲಿನ ಬಣ್ಣ ತಟ್ಟನೆ ಬದಲಾಗುವ ಜಾಗ, ಇಟ್ಟಿಗೆಯ ಅಳತೆ ಬದಲಾಗುವ ಗೆರೆ, ಮುಚ್ಚಿದ ಬಾಗಿಲಿನ ಅಚ್ಚು, ಎಲ್ಲಿಗೂ ಹೋಗದ ಮೆಟ್ಟಿಲು, ಗೋಡೆಯಲ್ಲಿ ತೊಲೆ ಕೂತಿದ್ದ ಖಾಲಿ ಗೂಡು ಇವೆಲ್ಲವನ್ನೂ ಫೋಟೋ ತೆಗೆಯಿರಿ. ಗೋಡೆಯ ಮೇಲಿನ ಬರಹವನ್ನೂ ಪೂರ್ತಿ ನಂಬಬೇಡಿ. ಪ್ಯಾಂಥಿಯನ್ನಿನ ಹಣೆಯ ಮೇಲೆ ರೋಮನ್ ಸೇನಾನಿ ಅಗ್ರಿಪ್ಪ ಕಟ್ಟಿಸಿದ ಎಂದು ದೊಡ್ಡ ಅಕ್ಷರದಲ್ಲಿದೆ. ಆದರೆ ಆತ ಕಟ್ಟಿಸಿದ್ದು ಅದೇ ಜಾಗದ ಹಿಂದಿನ ಕಟ್ಟಡವನ್ನು. ಈಗಿರುವುದು ಮುಗಿದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ. ಅದನ್ನು ಹೊರಗೆಡಹಿದ್ದು ಇಟ್ಟಿಗೆಗಳ ಮೇಲಿನ ಮುದ್ರೆಗಳು.

ಹೊಸ ತೇಪೆ ಬೇರೆಯಾಗಿ ಕಂಡರೆ ಕೆಲಸ ಕೆಟ್ಟಿದೆ ಎಂದು ಬೈಯುವವರಿದ್ದಾರೆ. ಎಷ್ಟೋ ಸಲ ಅದು ಬೇಕೆಂದೇ ಮಾಡಿದ್ದು. ಸೇರಿಸಿದ ಭಾಗ ಮೂಲದ ಜತೆ ಹೊಂದಿಕೊಳ್ಳಬೇಕು, ಆದರೆ ಮೂಲವೆಂದು ಮೋಸ ಮಾಡಬಾರದು ಎಂಬುದು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ 1964ರ ವೆನಿಸ್ ಸನ್ನದಿನಲ್ಲೇ ಇದೆ. 1945ರಲ್ಲಿ ಯುದ್ಧಕ್ಕೆ ನಾಶವಾಗಿ 2005ರಲ್ಲಿ ಮತ್ತೆ ಎದ್ದು ನಿಂತ ಜರ್ಮನಿಯ ಡ್ರೆಸ್ಡನ್‌ನ ಫ್ರೌವೆನ್‌ಕಿರ್ಖೆ ಚರ್ಚಿನಲ್ಲಿ ಹಳೆಯ ಕಲ್ಲು ಕಪ್ಪಗೆ, ಹೊಸ ಕಲ್ಲು ಬಿಳಿಚಿಕೊಂಡು, ಗೋಡೆಯಿಡೀ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಆ ಚರ್ಚಿನ ಓಕ್ ಬಾಗಿಲುಗಳನ್ನು ಮತ್ತೆ ಮಾಡಬೇಕಾದಾಗ ಕೆತ್ತನೆಯ ಸರಿಯಾದ ವಿವರ ಇರಲಿಲ್ಲ. ಹಳೆಯ ಫೋಟೋ ಇದ್ದವರು ಕೊಡಿ ಎಂದು ಜನರನ್ನು ಕೇಳಿದರು. ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಮದುವೆ ಚಿತ್ರಗಳ ಆಲ್ಬಮ್‌ಗಳೇ ಬಂದವು, ಅವನ್ನು ನೋಡಿ ಬಡಗಿಗಳು ಬಾಗಿಲು ಕೆತ್ತಿದರು.

ಫೋಟೋ ನೋಡಿ ಕಟ್ಟಡ ಅಳೆಯುವ ಕಲ್ಪನೆಗೂ ಹೀಗೇ ಒಂದು ಹಿನ್ನೆಲೆಯಿದೆ. 1858ರಲ್ಲಿ ಆಲ್ಬ್ರೆಕ್ಟ್ ಮೈಡನ್‌ಬೌವರ್ ಎಂಬ ಜರ್ಮನ್ ವಾಸ್ತುಶಿಲ್ಪಿ ವೆಟ್ಸ್‌ಲಾರ್ ಕ್ಯಾಥೆಡ್ರಲನ್ನು ಅಳೆಯುವಾಗ ಮೇಲಿನಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಏರಿ ಅಳೆಯುವ ಬದಲು ಚಿತ್ರದಿಂದಲೇ ಅಳತೆ ತೆಗೆಯಬಾರದೇಕೆ ಎಂದು ಹೊಳೆದದ್ದು ಆಗ. ನೀವೂ ಗೋಡೆ ಹತ್ತಬೇಡಿ.

ಅಂದಹಾಗೆ ಟ್ರೈಪಾಡ್, ಡ್ರೋನ್‌ಗಳಿಗೆ ಬಹಳ ಕಡೆ ಮುಂಚಿತ ಅನುಮತಿ ಬೇಕು. ಪೂಜೆ, ಪ್ರಾರ್ಥನೆ ನಡೆಯುವ ಕಡೆ ಕೇಳಿಕೊಂಡೇ ಕ್ಯಾಮೆರಾ ತೆಗೆಯಿರಿ. ಶಿಲ್ಪ ಮುಟ್ಟಬೇಡಿ, ಲಕ್ಷಾಂತರ ಕೈಗಳು ಸವರಿ ಮೂಗು, ಬೆರಳು ನುಣ್ಣಗಾದ ಮೂರ್ತಿಗಳು ಎಲ್ಲೆಡೆ ಇವೆ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಕೂತು ಕೆಟ್ಟವನ್ನು ಅಳಿಸಿ. ಉಳಿದವುಗಳ ಹೆಸರಿನಲ್ಲಿ ಸ್ಥಳ, ತಾರೀಕು, ದಿಕ್ಕು ಇರಲಿ: 'ಹಳೇಬೀಡು, ಪಶ್ಚಿಮ ಗೋಡೆ' ಎಂದಿದ್ದರೆ ವರ್ಷಗಳ ಮೇಲೂ ಹುಡುಕಲು ಬರುತ್ತದೆ. ಆಮೇಲೆ ಫೋಟೋ ನೋಡದೆ ಕಾಗದದ ಮೇಲೆ ಕಟ್ಟಡದ ಅಡ್ಡಸೀಳು ಬರೆಯಲು ಪ್ರಯತ್ನಿಸಿ. ನೆಲ, ಕಂಬ, ತೊಲೆ ಅಥವಾ ಕಮಾನು, ಚಾವಣಿ. ಚಿತ್ರಕಲೆ ಬರಬೇಕಾಗಿಲ್ಲ, ನಾಲ್ಕು ಗೆರೆ ಸಾಕು. ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಆ ಜಾಗವನ್ನು ನೀವು ನೋಡಿಲ್ಲ ಎಂದರ್ಥ. ಈಗ ಫೋಟೋ ತೆರೆದು ನೋಡಿ, ಅಲ್ಲೂ ಇಲ್ಲದಿದ್ದರೆ ಮುಂದಿನ ಭೇಟಿಗೆ ಬರೆದಿಟ್ಟುಕೊಳ್ಳಿ.

ಹೊರಡುವ ಮುಂಚೆ ಉಳಿಸಿಕೊಂಡ ಹಳೆಯ ಚಿತ್ರವನ್ನು ಈಗ ಪಕ್ಕದಲ್ಲಿಟ್ಟು ಹೋಲಿಸಿ. ಮುಂದಿನ ಸಲ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ನಿಂತು ತೆಗೆಯಲು ನೋಡಿ. ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಹಂಪಿಯನ್ನು ಮತ್ತೆ ಸೆರೆಹಿಡಿದರು. ನಡುವಿನ ಕಾಲದಲ್ಲಿ ಬಿದ್ದದ್ದೇನು, ಎತ್ತಿ ನಿಲ್ಲಿಸಿದ್ದೇನು ಎಂದು ಎರಡೂ ಚಿತ್ರ ಒಟ್ಟಿಗಿಟ್ಟರೆ ತಿಳಿಯುತ್ತದೆ.

ಎರಡನೇ ಭೇಟಿಗೆ ಮಳೆ ಬಂದು ನಿಂತ ದಿನ ಸಿಕ್ಕರೆ ಒಳ್ಳೆಯದು. ಮೊದಲ ಸಲ ಭಾರದ ದಾರಿ ಹುಡುಕಿದವರು ಈ ಸಲ ನೀರಿನ ದಾರಿ ಹುಡುಕಿ: ಚಾವಣಿಯ ಇಳಿಜಾರು ಎತ್ತ, ನೀರು ಹರಿಯುವ ದೋಣಿ ಎಲ್ಲಿ, ಗೋಡೆಯಿಂದ ದೂರಕ್ಕೆ ನೀರು ಉಗುಳುವ ಪ್ರಾಣಿಮುಖಗಳು ಎಲ್ಲಿ, ಹೊರಚಾಚಿದ ಛಜ್ಜದ ಅಂಚಿನಿಂದ ಹನಿ ಬೀಳುವುದು ಎಲ್ಲಿ. ಗೋಡೆಯ ಮೇಲೆ ಹಸಿರು ಪಾಚಿ ಉದ್ದಕ್ಕೆ ಇಳಿದಿದ್ದರೆ ಅದರ ಮೇಲ್ತುದಿಯಲ್ಲಿ ಏನೋ ಒಡೆದಿದೆ. ಬುಡದಲ್ಲಿ ನೀರು ನಿಂತಿದ್ದರೆ, ಸಂದಿನಲ್ಲಿ ಅರಳಿಯ ಸಸಿ ಬೇರು ಬಿಟ್ಟಿದ್ದರೆ, ಹತ್ತಿರದ್ದೊಂದು, ಜಾಗ ಗುರುತಾಗುವಂತೆ ದೂರದ್ದೊಂದು ಫೋಟೋ ತೆಗೆದು, ತಾರೀಕು ಮತ್ತು ದಿಕ್ಕು ಬರೆದು, ಆ ಸ್ಮಾರಕವನ್ನು ನೋಡಿಕೊಳ್ಳುವ ಇಲಾಖೆಗೆ ಕಳಿಸಿ.